ಒಂದು ಕೋಣೆಗೆ ಒಂದು ಚಿತ್ರ

ನಮ್ಮ ಕಡೆ ಟೂರ್ ಕೇಳಲು ಬರುವವರು ಮೊದಲು ಎತ್ತುವುದು ಊಟದ ವಿಷಯ. ಕಾಶಿಯಾಗಲಿ, ಕಾಶ್ಮೀರವಾಗಲಿ, ಸಿಂಗಪುರವಾಗಲಿ, ಕುರ್ಚಿ ಎಳೆದು ಕೂತು ಬೆವರು ಒರೆಸಿಕೊಂಡವರೇ "ಊಟ ಹೆಂಗೆ? ರೊಟ್ಟಿ ಸಿಗ್ತೈತಾ?" ಎನ್ನುತ್ತಾರೆ. ಚನ್ನಗಿರಿ ಬಸ್ ಸ್ಟ್ಯಾಂಡಿನ ಎದುರು ಟ್ರಾವೆಲ್ಸ್ ಆಫೀಸು ಇಟ್ಟುಕೊಂಡು ಇಷ್ಟು ವರ್ಷವಾಯಿತು, ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನ್ನ ನಾಲಗೆ ಸವೆದಿದೆ. ಹೋಗುವುದು ನೋಡುವುದಕ್ಕೋ ಉಣ್ಣುವುದಕ್ಕೋ ಎಂದು ಒಮ್ಮೊಮ್ಮೆ ಸಿಟ್ಟು ಬಂದು ಕೇಳಿಯೂ ಬಿಟ್ಟಿದ್ದೇನೆ. ಗಿರಾಕಿಗಳು ಎದ್ದು ಹೋಗಿದ್ದಾರೆ.

ಊಟದ ಸುದ್ದಿ ಎತ್ತದೆ ಬಂದವರು ನನ್ನ ಲೆಕ್ಕದಲ್ಲಿ ಅವರೊಬ್ಬರೇ. ಆಫೀಸಿನ ಬಾಗಿಲು ತೆರೆದೇ ಇತ್ತು. ಆದರೂ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ನಾನು "ಬರ್ರಿ" ಎಂದ ಮೇಲೆ ಒಳಗೆ ಬಂದರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. ಖಾಲಿ ಬೆಂಚಿನ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿ, ಸ್ವಿಚ್ಚು ಹುಡುಕಿ ಆರಿಸಿ, ಆಮೇಲೆ ನನ್ನೆದುರು ಕೂತರು.

"ಇಟಲಿಗೆ ಕರ್ಕಂಡು ಹೋಗೋ ಟೂರ್ ಐತಾ?"

"ಐತೆ ಸರ್. ಯಾವ ತಿಂಗಳಿಗೆ ಬೇಕು?"

"ತಿಂಗಳು ಆಮೇಲೆ ನೋಡೋಣ. ಅಲ್ಲಿ ಒಂದು ಚಿತ್ರದ ಮುಂದೆ ನಿಲ್ಲಾಕೆ ಎಷ್ಟು ಹೊತ್ತು ಬಿಡ್ತಾರೆ?"

ನಾನು ಅವರ ಮುಖವನ್ನೇ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ನಾನು ಏನಾದರೂ ಹೇಳುವುದರೊಳಗೆ ಎರಡನೆಯದೂ ಬಂತು: "ಇನ್ನೊಂದು. ಬಸ್ಸಿನಾಗೆ ತಲೆ ಹೆಂಗೆ ಎಣಿಸ್ತಾರೆ?"

ಎಲ್ಲೋ ಒಂದು ನಟ್ಟು ಸಡಿಲ ಇರಬೇಕು ಎಂದುಕೊಂಡೆ. ಇದ್ದರೂ ಇರಲಿ, ವಿದೇಶಕ್ಕೆ ಹೋಗುವ ಗಿರಾಕಿ ನನ್ನಂಥವನ ಬಾಗಿಲಿಗೆ ದಿನಾ ಬರುತ್ತಾನೆಯೇ? ಕೂರಿಸಿ ಚಹಾ ತರಿಸಿದೆ.

ಅವರು ಸರ್ಕಾರಿ ಹಾಸ್ಟೆಲ್‌ಗಳಲ್ಲಿ ವಾರ್ಡನ್ ಆಗಿದ್ದವರು. ಜಗಳೂರು, ಹೊನ್ನಾಳಿ, ಚನ್ನಗಿರಿ, ಕೊನೆಗೆ ನ್ಯಾಮತಿ, ಹೀಗೆ ಸುತ್ತಿ ಸುತ್ತಿ ನಿವೃತ್ತರಾಗಿ, ನ್ಯಾಮತಿಯಲ್ಲೇ ಒಂದು ಗೊಬ್ಬರದ ಅಂಗಡಿಯ ಮಾಳಿಗೆಯಲ್ಲಿ ರೂಮು ಮಾಡಿಕೊಂಡಿದ್ದರು. ಅವರಿಗೊಂದು ಹೆಸರಿತ್ತು, ಪಾಸ್‌ಪೋರ್ಟಿನಲ್ಲೂ ಇತ್ತು, ಆದರೆ ಯಾರೂ ಅದನ್ನು ಹಿಡಿದು ಕರೆದದ್ದು ನಾನು ಕೇಳಿಲ್ಲ. ಎಲ್ಲರಿಗೂ ವಾರ್ಡನ್ ಸರ್. ನಮ್ಮ ಕಡೆ ಯಾವ ಊರು, ಯಾರ ಪೈಕಿ ಎಂದು ಕೇಳದೆ ಮನುಷ್ಯನನ್ನು ಬಿಡುವುದುಂಟೇ? ನಾನೂ ಕೇಳಿದೆ. "ಹಾಸ್ಟೆಲ್ ಪೈಕಿ" ಎಂದು ನಕ್ಕರು. ನಗೆಚಾಟಿಕೆ ಅಂದುಕೊಂಡಿದ್ದೆ, ನಿಜವೇ ಆಗಿತ್ತು. ಬುದ್ಧಿ ತಿಳಿಯುವ ಮೊದಲೇ ಅಪ್ಪ ಅವ್ವ ಇಬ್ಬರೂ ಹೋಗಿ, ಯಾರೋ ತಂದು ಹಾಸ್ಟೆಲ್ಲಿಗೆ ಬಿಟ್ಟಿದ್ದರು. ಅಲ್ಲೇ ಬೆಳೆದರು, ಓದಿದರು, ಅಲ್ಲೇ ನೌಕರಿಗೆ ಸೇರಿದರು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದ್ದಕ್ಕೆ, "ಹೆಣ್ಣು ಕೇಳಾಕೆ ಹೋಗೋಕೂ ಜೊತೆಗೆ ನಾಕು ಜನ ಬೇಕಲ್ರೀ" ಎಂದರು.

ಪರಿಚಯವಾದ ಮೇಲೆ ಒಂದೊಂದೇ ಅಭ್ಯಾಸ ಕಣ್ಣಿಗೆ ಬಿತ್ತು. ಹೋಟೆಲ್ಲಿಗೆ ಹೋದರೆ ಸಾಂಬಾರನ್ನು ಮೊದಲು ಅಂಗೈಗೆ ಒಂದಿಷ್ಟು ಹಾಕಿಕೊಂಡು ನೆಕ್ಕಿ, "ಉಪ್ಪು ಸರಿ ಐತೆ, ಬಡಿಸ್ರಿ" ಎನ್ನುವರು, ಇನ್ನೂರು ಮಕ್ಕಳು ತಟ್ಟೆ ಹಿಡಿದು ಹಿಂದೆ ನಿಂತಿದ್ದಾರೇನೋ ಎಂಬಂತೆ. ಸಪ್ಲೈಯರು ಹುಳಿಹುಳಿ ಮುಖ ಮಾಡುತ್ತಿದ್ದ. ಬಾಗಿಲು ತಟ್ಟುವ ವಿಷಯವಂತೂ ಕೇಳಲೇ ಬೇಡಿ. ನ್ಯಾಮತಿಗೆ ಹೋಗಿದ್ದಾಗ ಕಣ್ಣಾರೆ ಕಂಡೆ. ಬೀಗ ತೆಗೆದು, ಚಿಲಕ ಸರಿಸಿ, ತಮ್ಮದೇ ರೂಮಿನ ಬಾಗಿಲನ್ನು ಎರಡು ಸಲ ತಟ್ಟಿ ಒಳಗೆ ಹೋದರು!

"ಒಳಗೆ ಯಾರು ಅದಾರೆ ಸರ್?" ಎಂದೆ.

"ಯಾರೂ ಇಲ್ಲ. ಗೊತ್ತೈತೆ ನಂಗೆ," ಎಂದರು. "ರೂಢಿ."

ಆ ರೂಮಿನಲ್ಲಿ ಮಂಚ, ಒಂದು ಸ್ಟೂಲು, ಗೋಡೆಗೆ ಒಂದೇ ಒಂದು ಚಿತ್ರ. ದೇವರ ಪಟವಿಲ್ಲ, ಕ್ಯಾಲೆಂಡರ್ ಇಲ್ಲ. ಜಗಳೂರಿನಲ್ಲಿದ್ದಾಗ ಯಾರೋ ಡಾಕ್ಟರು ಊರು ಬಿಡುವಾಗ ಹಾಸ್ಟೆಲ್ಲಿಗೆ ಕೊಟ್ಟುಹೋದ ಹಳೆಯ ಇಂಗ್ಲಿಷ್ ಪತ್ರಿಕೆಗಳ ರಾಶಿಯಲ್ಲಿ ಆ ಹಾಳೆ ಸಿಕ್ಕಿತ್ತಂತೆ. ಕಮಾನಿನ ಒಂದು ಬರೀ ಪಡಸಾಲೆ. ಸಾಮಾನು ಸರಂಜಾಮು ಏನೂ ಇಲ್ಲ. ರೆಕ್ಕೆಯ ದೇವದೂತನೊಬ್ಬ ನಿಂತಿದ್ದಾನೆ, ಎದುರಿಗೆ ಮಣೆಯಂಥದ್ದರ ಮೇಲೆ ಒಬ್ಬ ತೆಳ್ಳಗಿನ ಹೆಣ್ಣುಮಗಳು ಮಂಡಿಯೂರಿ, ಎದೆಯ ಮೇಲೆ ಎರಡೂ ಕೈ ಅಡ್ಡ ಇಟ್ಟುಕೊಂಡಿದ್ದಾಳೆ. ಇಟಲಿಯ ಫ್ಲಾರೆನ್ಸ್ ಊರಿನ ಒಂದು ಕ್ರೈಸ್ತ ಮಠದಲ್ಲಿ ಇರುವ ಚಿತ್ರ ಅದು. ಆ ಮಠದಲ್ಲಿ ಒಬ್ಬೊಬ್ಬ ಸನ್ಯಾಸಿಗೆ ಒಂದೊಂದು ಸಣ್ಣ ಕೋಣೆ, ಒಂದು ಕಿಟಕಿ, ಗೋಡೆಗೆ ಒಂದು ಚಿತ್ರ. ಸಾಯುವ ತನಕ ಅವನಿಗೆ ಅದೇ ಚಿತ್ರ.

"ನನ್ನ ಸರ್ವಿಸ್ ಪೂರ್ತಿ ನಂಗೆ ಕೊಟ್ಟಿದ್ದೂ ಇಂಥದ್ದೇ ರೂಮು ಕಣ್ರೀ," ಎಂದರು. "ಹೊನ್ನಾಳೀಲಿ ಹೊಳೆ ನೀರಿನ ತಂಪಿಗೆ ಗೋಡೆ ಉದುರೋದು, ಜಗಳೂರಾಗೆ ಧೂಳು ತುಂಬೋದು. ಎಲ್ಲಿಗೆ ಹೋದ್ರೂ ಮೊದ್ಲು ಈ ಹಾಳೆ ಅಂಟಿಸ್ತಿದ್ದೆ. ಅಂಥ ರೂಮಿನಾಗೆ ಇಷ್ಟು ಚೆನ್ನಾಗಿ ಬದುಕಬೋದು ಅಂತ ಯಾರಿಗೋ ಹೊಳೆದಿತ್ತಲ್ಲ, ಆ ಜಾಗ ಒಂದ್ಸಲ ನೋಡ್ಬೇಕು. ಇಷ್ಟೇ."

ನಾನು ಮೊಬೈಲಿನಲ್ಲಿ ಅದೇ ಚಿತ್ರ ಹುಡುಕಿ, ದೊಡ್ಡದು ಮಾಡಿ ತೋರಿಸಿದೆ. ಮರ್ಯಾದೆಗೆ ನೋಡಿ ವಾಪಸ್ಸು ಕೊಟ್ಟರು. "ಇದರಾಗೆ ಚಿತ್ರಾನೇ ಬೆಳಕು ಕೊಡ್ತೈತೆ. ಅಲ್ಲಿ ಕಿಟಕಿಯಿಂದ ಬೀಳ್ತೈತೆ," ಎಂದರು.

ಒಬ್ಬರೇ ಹೋಗಿ ಬರಬಹುದಲ್ಲ ಎಂದರೆ, ಭಾಷೆ ಬರುವುದಿಲ್ಲ, ವಿಮಾನ ಹತ್ತಿ ಗೊತ್ತಿಲ್ಲ, ಎಪ್ಪತ್ತರ ಹತ್ತಿರದ ವಯಸ್ಸು. ಗುಂಪಿನ ಜೊತೆಯೇ ಆಗಬೇಕು. ಆದರೆ ಗುಂಪೆಂದರೆ ಅವರಿಗೆ ಒಂದು ಹೆದರಿಕೆಯಿತ್ತು. ತಲೆ ಎಣಿಸುವ ಪ್ರಶ್ನೆ ಅಲ್ಲಿಂದ ಬಂದದ್ದು. ಹಿಂದೊಮ್ಮೆ ಬಸ್ಸಿನಲ್ಲಿ ಕಾಶಿಯಾತ್ರೆಗೆ ಹೋಗಿದ್ದಾಗ ಉತ್ತರದ ಯಾವುದೋ ಢಾಬಾದಲ್ಲಿ ಅವರನ್ನು ಬಿಟ್ಟು ಬಸ್ಸು ಹೊರಟುಬಿಟ್ಟಿತ್ತು.

"ಅದು ಹೆಂಗೆ ಬಿಟ್ಟು ಹೋಗ್ತಾರೆ ಸರ್? ನೋಡಲ್ವಾ?"

"ನೋಡ್ತಾರೆ. ಗಂಡ ಹೆಂಡ್ತೀನ ನೋಡ್ಕಂತಾನೆ, ಹೆಂಡ್ತಿ ಗಂಡನ್ನ ನೋಡ್ಕಂತಾಳೆ. ಡ್ರೈವರು 'ಎಲ್ಲಾರೂ ಬಂದ್ರಾ' ಅಂತಾನೆ, ಎಲ್ಲಾರೂ 'ಬಂದ್ರು' ಅಂತಾರೆ. ಸುಳ್ಳೇನಲ್ಲ, ಅವರವರ ಪಾಲಿಗೆ ಎಲ್ಲಾರೂ ಬಂದಿರ್ತಾರೆ."

"ಆಮೇಲೆ ವಾಪಸ್ ಬಂದ್ರಾ?"

"ಬಂದ್ರು. ಯಾರದೋ ಶಾಲು ಢಾಬಾದಾಗೆ ಉಳಿದಿತ್ತಂತೆ. ಇಳಿದಾಗ ನಾನೂ ಕಂಡೆ."

ಹೇಳಿ ಜೋರಾಗಿ ನಕ್ಕರು. ನಾನೂ ನಕ್ಕೆ.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಟೂರ್ ಆರಿಸುವ ಕೆಲಸ. ನ್ಯಾಮತಿಯಿಂದ ಬಸ್ಸು ಹತ್ತಿ, ಹೊನ್ನಾಳಿಯಲ್ಲಿ ಬದಲಿಸಿ, ಬಿಸಿಲೇರುವ ಹೊತ್ತಿಗೆ ಬಂದು ಬಾಗಿಲು ತಟ್ಟುವರು. ನಾನು ಬೆಂಗಳೂರಿನ ಕಂಪನಿಗಳಿಂದ ತರಿಸಿದ ಬಣ್ಣಬಣ್ಣದ ಬ್ರೋಷರುಗಳನ್ನು ಮೇಜಿನ ಮೇಲೆ ಹರಡುವೆ. ಮೊದಲನೆಯದು ಏಳು ದೇಶದ್ದು. ಫ್ಲಾರೆನ್ಸ್ ಹೆಸರಿನ ಮುಂದೆ 'ಫೋಟೋ ಸ್ಟಾಪ್' ಎಂದಿತ್ತು.

"ಹಂಗಂದ್ರೆ?"

"ಬಸ್ ನಿಲ್ಲಿಸ್ತಾರೆ. ಇಳಿದು, ಫೋಟೋ ತೆಗೆಸ್ಕಂಡು, ಹತ್ತೋದು."

"ಓ, ನಮ್ಮ ಹಾಸ್ಟೆಲ್ ಇನ್‌ಸ್ಪೆಕ್ಷನ್ ಇದ್ದಂಗೆ," ಎಂದು ಅದನ್ನು ಮಡಿಸಿ ಪಕ್ಕಕ್ಕಿಟ್ಟರು.

ಎರಡನೆಯದು ಇಟಲಿ ಒಂದೇ, ಜೊತೆಗೆ ಅಡುಗೆಯವರೂ ಬರುತ್ತಾರೆ. ಅದರಲ್ಲಿ ದೊಡ್ಡ ಗ್ಯಾಲರಿ ಇತ್ತು, ಓಡಿಸಿಕೊಂಡು ಹೋಗಿ ಓಡಿಸಿಕೊಂಡು ಬರುವಂಥದ್ದು. ಈ ಮಠದ ಹೆಸರಿರಲಿಲ್ಲ. ಮೂರನೆಯದು ಚರ್ಚಿನವರ ಯಾತ್ರೆ, ಪಾದ್ರಿಯೊಬ್ಬರು ಕರೆದೊಯ್ಯುವುದು. ಅದರಲ್ಲಿ ಮಠವೂ ಇತ್ತು. ಆಸೆಪಟ್ಟು ಓದಿದರು. "ಅವ್ರೆಲ್ಲಾ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡೋವಾಗ ನಾನೊಬ್ಬ ಕಣ್ಣು ಬಿಟ್ಕಂಡು ನಿಂತ್ರೆ ಚೆನ್ನಾಗಿರಲ್ಲ," ಎಂದು ಅದನ್ನೂ ಬಿಟ್ಟರು.

ಎಲ್ಲ ಕಂಪನಿಯವರದೂ ಒಂದೇ ತಕರಾರು: ರೂಮು ಇಬ್ಬರಿಗೆ ಒಂದು. ಒಬ್ಬರೇ ಬಂದರೆ ಒಂದೋ ಹೆಚ್ಚು ತೆರಬೇಕು, ಇಲ್ಲವೇ ಗುರುತಿಲ್ಲದ ಇನ್ನೊಬ್ಬ ಒಂಟಿ ಗಂಡಸಿನ ಜೊತೆ ಹಾಕುತ್ತಾರೆ. ನಾನು ಎಚ್ಚರಿಸಿದೆ.

"ಅವನು ರಾತ್ರಿಯೆಲ್ಲ ಗೊರಕೆ ಹೊಡೆದ್ರೆ ಏನ್ಮಾಡ್ತೀರಿ?"

"ಹೊಡೀಲಿ ಬಿಡ್ರಿ. ಯಾರೋ ಅದಾರೆ ಅಂತ ಗೊತ್ತಾಗ್ತೈತೆ."

ಹೀಗೇ ತಿಂಗಳುಗಳು ಉರುಳಿದವು. ನನಗೋ ತಾಳ್ಮೆ ಕಡಿಮೆ. ಕಂಪನಿಯವರಿಗೆ ಫೋನು ಮಾಡಿ, ಬೈದು, ಕೇಳಿ ಒಂದು ದಾರಿ ಕಂಡುಕೊಂಡೆ. ನಮ್ಮದೇ ಒಂದು ಗುಂಪು ಕಟ್ಟಿದರೆ, ಹದಿನೈದು ತಲೆಯಾದರೆ ಸಾಕು, ನಾವು ಹೇಳಿದ ಕಡೆ ಬಸ್ಸು ನಿಲ್ಲಿಸುತ್ತಾರಂತೆ. ಜನ ಎಲ್ಲಿಂದ ತರುವುದು ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅಡಿಕೆ ಮಂಡಿಯ ಸಾಹುಕಾರರೊಬ್ಬರು ವಿದೇಶ ನೋಡಬೇಕೆಂದು ಎರಡು ವರ್ಷದಿಂದ ಹೇಳುತ್ತಲೇ ಇದ್ದರು. ಅವರೊಬ್ಬರನ್ನು ಒಪ್ಪಿಸಿದರೆ ಅವರ ತಮ್ಮಂದಿರು, ಬೀಗರು, ಭಾವಮೈದುನ, ಸೋದರತ್ತೆ, ಎಲ್ಲರೂ ತಾವಾಗಿ ಬರುತ್ತಾರೆ. ನಮ್ಮ ಕಡೆ ಬಸ್ಸು ತುಂಬುವುದೇ ಹಾಗೆ. ಒಂದು ಮನೆ ಹಿಡಿದರೆ ಬಸ್ಸು ತುಂಬಿತು.

ಮಾತುಕತೆಗೆಂದು ಸಾಹುಕಾರರ ಮನೆಯ ಪಡಸಾಲೆಯಲ್ಲಿ ಎಲ್ಲರನ್ನೂ ಸೇರಿಸಿದೆ. ಅಬ್ಬಬ್ಬಾ, ಏನು ಗಲಾಟೆ! ಒಬ್ಬರಿಗೆ ಹಿಮ ಬೇಕು, ಒಬ್ಬರಿಗೆ ನೀರಿನೊಳಗಿನ ಊರು ಬೇಕು, ಇನ್ನೊಬ್ಬರಿಗೆ ಚರ್ಮದ ಬೆಲ್ಟು ಬೇಕು. ವಾರ್ಡನ್ ಸರ್ ಗೋಡೆಗೊರಗಿ ಕೂತು ಎಲ್ಲ ಕೇಳಿಸಿಕೊಂಡರು. ಆಮೇಲೆ ಎದ್ದು, ಹಾಸ್ಟೆಲ್ಲಿನಲ್ಲಿ ಭಾನುವಾರದ ಊಟ ಏನಾಗಬೇಕೆಂದು ಕೈ ಎತ್ತಿಸುತ್ತಾರಲ್ಲ, ಹಾಗೇ ಒಂದೊಂದಕ್ಕೂ ಕೈ ಎತ್ತಿಸಿದರು. ಹಿಮ ಸೋತಿತು, ನೀರಿನ ಊರು ಗೆದ್ದಿತು. ಕೊನೆಗೆ ಸಾಹುಕಾರರು, "ನಿಮ್ಗೇನು ಬೇಕು ಹೇಳ್ರಿ ವಾರ್ಡನ್ನರೇ," ಎಂದರು.

ಅವರು ಫೈಲಿನಿಂದ ಆ ಹಾಳೆ ತೆಗೆದು ಹಿಡಿದರು. ಪಡಸಾಲೆ ಸುಮ್ಮನಾಯಿತು. ಮರ್ಯಾದೆಯ ಮೌನ ಅದು, ಅರ್ಥವಾಗಿ ಅಲ್ಲ. ನನಗೆ ಅವರನ್ನು ಕಂಡು ಕಸಿವಿಸಿಯಾಯಿತು. ಆಗ ಸಾಹುಕಾರರ ಹೆಂಡತಿ, ಊರಿಗೆಲ್ಲ ಅಕ್ಕ ಆಕೆ, ಹಾಳೆಯನ್ನು ಕೈಗೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋದರು.

"ಇವನು ಯಾಕೆ ಬಂದಾನೆ?"

"ನಿಂಗೆ ಮಗು ಹುಟ್ತೈತೆ ಅಂತ ಹೇಳಾಕೆ ಬಂದಾನೆ, ಅಕ್ಕಾರೇ."

"ಅಯ್ಯೋ ಶಿವನೇ," ಎಂದರು ಆಕೆ. "ಹಂಗಿದ್ರೆ ಬರೀ ಮಣೆ ಮೇಲೆ ಕೂರಿಸ್ಯಾರಲ್ಲ! ಒಂದು ಚಾಪೇನಾದ್ರೂ ಹಾಸಬಾರದಾ? ಪಾಪ, ಎಷ್ಟು ಬಡಕಲಿ ಆಗ್ಯಾಳೆ. ಮನೇಲಿ ದೊಡ್ಡೋರು ಯಾರೂ ಇಲ್ವಾ ಇವಳಿಗೆ?"

ಎಲ್ಲರೂ ನಕ್ಕರು. ವಾರ್ಡನ್ ಸರ್ ನಗಲಿಲ್ಲ. ಆಕೆಯನ್ನೇ ನೋಡುತ್ತಿದ್ದರು, ಬಾಯಿ ಸ್ವಲ್ಪ ತೆರೆದಿತ್ತು. ವಾಪಸ್ಸು ಬರುವಾಗ ನನ್ನ ಬೈಕಿನ ಹಿಂದೆ ಕೂತು ಕಿವಿಯ ಹತ್ತಿರ ಹೇಳಿದರು: "ಮೂವತ್ತು ವರ್ಷದ ಮೇಲಾತು ಆ ಹಾಳೆ ನನ್ನ ಹತ್ರ ಇದ್ದು. ಯಾರಾದ್ರೂ ಅದನ್ನ ನೋಡಿ ಒಂದು ಮಾತು ಕೇಳಿದ್ದು ಇವತ್ತೇ ಮೊದ್ಲು." ನಾನು ಹಾರ್ನ್ ಹೊಡೆದು ದಾರಿಗಡ್ಡ ನಿಂತ ಎಮ್ಮೆ ಓಡಿಸಿದೆ.

ಆ ಮಠಕ್ಕೂ ಒಂದು ಗಂಟೆ ಬರೆಸಿ, ಸೀಟು ಕಾಯ್ದಿರಿಸಿ, ವೀಸಾಕ್ಕೆ ಬೆರಳು ಒತ್ತಿಸಿ, ಬೆಚ್ಚನೆ ಸ್ವೆಟರು ಕೊಂಡು ಎಲ್ಲ ಮುಗಿಯಿತು ಎನ್ನುವಾಗ ಕೆರೆಬಿಳಚಿಯಲ್ಲಿದ್ದ ಸಾಹುಕಾರರ ತಾಯಿ ತೀರಿಕೊಂಡರು. ತುಂಬಿದ ಬಾಳು, ನೋವಿಲ್ಲದ ಸಾವು. ಸುದ್ದಿ ಬಂದ ಗಳಿಗೆಯಲ್ಲಿ ನನಗೆ ಅದರ ಅರ್ಥ ಪೂರ್ತಿ ಆಗಲಿಲ್ಲ. ಆಮೇಲೆ ಒಂದೊಂದೇ ಫೋನು ಬರತೊಡಗಿತು. ಒಬ್ಬರಿಗೆ ಅಜ್ಜಿ, ಒಬ್ಬರಿಗೆ ಅತ್ತೆ, ಬೀಗರಿಗೆ ಬೀಗತಿ, ಭಾವಮೈದುನನಿಗೂ ಏನೋ ಆಗಬೇಕು. ಎಲ್ಲರೂ ಒಂದೇ ಬಳ್ಳಿಯ ಕಾಯಿ, ಒಂದು ಕಡೆ ಎಳೆದರೆ ಪೂರ್ತಿ ಬಳ್ಳಿ ಬಂತು. ಒಂದು ಮನೆ ಹಿಡಿದು ಬಸ್ಸು ತುಂಬಿದ್ದೆನಲ್ಲ, ಒಂದೇ ಸಾವಿಗೆ ಬಸ್ಸು ಖಾಲಿಯಾಯಿತು.

ಖಾಲಿಯಾದ ಬಸ್ಸಿನಲ್ಲಿ ಉಳಿದವರು ಯಾರು? ಆ ಮುದುಕಿಗೆ ಏನೂ ಆಗದವರು, ಅಲ್ಲಿದ್ದ ಯಾರಿಗೂ ಏನೂ ಆಗದವರು, ವಾರ್ಡನ್ ಸರ್ ಒಬ್ಬರೇ. ಈ ಮಾತನ್ನು ಅವರಿಗೆ ಹೇಗೆ ಹೇಳುವುದೆಂದು ನಾನು ಒದ್ದಾಡುತ್ತಿದ್ದೆ. ಹೇಳಬೇಕಾಗಿ ಬರಲಿಲ್ಲ. ಕೆರೆಬಿಳಚಿಗೆ ಹೋಗಿ ನೋಡಿದರೆ ಅವರು ನನಗಿಂತ ಮೊದಲೇ ಅಲ್ಲಿದ್ದರು.

ಸಾವಿನ ಮನೆಯಲ್ಲಿ ಆ ದಿನ ಒಲೆ ಹಚ್ಚುವುದಿಲ್ಲ. ಸಂಬಂಧಿಕರಲ್ಲದವರು ಹೊರಗೆ ಬೇಯಿಸಿ ತಂದು ಉಣ್ಣಿಸಬೇಕು. ಅಲ್ಲಿ ಊರಿಗೆ ಊರೇ ನಂಟರು. ವಾರ್ಡನ್ ಸರ್ ಎದುರಿನ ಶಾಲೆಯ ಅಂಗಳದಲ್ಲಿ ಮೂರು ಕಲ್ಲು ಹೂಡಿ, ಅಂಗಿ ಬಿಚ್ಚಿಟ್ಟು ಬನಿಯನ್ನಿನಲ್ಲಿ ನಿಂತು, ದೊಡ್ಡ ಹಂಡೆಯಲ್ಲಿ ಅನ್ನ ಸಾರು ಮಾಡಿಸುತ್ತಿದ್ದರು. ಸಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ, "ಸರಿ ಐತೆ, ಮೊದ್ಲು ಹುಡುಗ್ರು ಮುದುಕ್ರಿಗೆ ಬಡಿಸ್ರಿ," ಎಂದರು. ಅತ್ತು ಅತ್ತು ಮುಖ ಊದಿದ್ದ ಅಕ್ಕ ಉಣ್ಣಲೊಲ್ಲೆ ಎಂದಾಗ, ತಟ್ಟೆ ಹಿಡಿದು ಎದುರು ಕುಕ್ಕರುಗಾಲಲ್ಲಿ ಕೂತು, ಜ್ವರ ಬಂದ ಮಕ್ಕಳಿಗೆ ಹೇಳುವಂತೆ ಹೇಳಿ ನಾಲ್ಕು ತುತ್ತು ತಿನ್ನಿಸಿದರು. ಮುಂದೆ ಕಾರ್ಯ ಮುಗಿಯುವ ತನಕ ಅವರು ನ್ಯಾಮತಿಗೆ ವಾಪಸ್ಸು ಹೋಗಲೇ ಇಲ್ಲ. ಪಡಸಾಲೆಯಲ್ಲಿ ಗಂಡಸರ ಸಾಲಿನಲ್ಲೇ ಚಾಪೆ ಹಾಸಿಕೊಂಡು ಮಲಗಿದರು.

ಸಾಹುಕಾರರು ಟೂರನ್ನು ಮುಂದಿನ ವರ್ಷಕ್ಕೆ ತಳ್ಳಿದರು. ಕೊಯ್ಲು ಮುಗಿದು ಅಡಿಕೆ ಮಾರಿ ಕೈ ಬಿಡುವಾಗಬೇಕು, ಅಷ್ಟರಲ್ಲಿ ವರ್ಷ ಕಳೆಯುತ್ತದೆ. "ಅಲ್ಲೀತನಕ ವಾರ್ಡನ್ನರನ್ನ ಕಾಯಿಸ್ಬ್ಯಾಡ ತಮ್ಮಾ, ಬೇರೆ ಗುಂಪು ಇದ್ರೆ ಕಳಿಸು," ಎಂದರು ನನಗೆ.

ನಾನೂ ಹಟಕ್ಕೆ ಬಿದ್ದು ಹುಡುಕಿದೆ. ಸಿಕ್ಕಿಯೂ ಬಿಟ್ಟಿತು! ಬೆಂಗಳೂರಿನ ಒಂದು ಸಣ್ಣ ಕಂಪನಿ, ಇಟಲಿಯ ಚಿತ್ರ ನೋಡುವುದಕ್ಕೆಂದೇ ಮಾಡಿದ ಟೂರು. ಎಂಟೇ ಜನ. ಕಲೆ ಓದಿಸುವ ಪ್ರೊಫೆಸರರು ಜೊತೆಗೆ ಬಂದು ವಿವರಿಸುತ್ತಾರೆ. ಒಬ್ಬರಿಗೆ ಒಂದು ರೂಮು. ಆ ಮಠದಲ್ಲಿ ಅರ್ಧ ದಿನ. ಎರಡೇ ತಿಂಗಳಲ್ಲಿ ಹೊರಡುವುದು. ಫೋನಿನಲ್ಲಿ ಹೇಳುವಷ್ಟು ತಾಳ್ಮೆ ನನಗಿರಲಿಲ್ಲ, ಕರೆಸಿಕೊಂಡೆ.

"ಅರ್ಧ ದಿನ!" ಎಂದರು. ಮತ್ತೆ ಮತ್ತೆ ಓದಿದರು. ಆಮೇಲೆ, "ಜೊತೆಗೆ ಯಾರ್ ಯಾರು ಬರ್ತಾರೆ?" ಎಂದರು.

"ಓದಿಕೊಂಡೋರು ಸರ್. ನಿಮ್ಮಂಗೇ ಚಿತ್ರದ ಹುಚ್ಚಿರೋರು. ಯಾರೂ ನಿಮಗೆ ತೊಂದ್ರೆ ಕೊಡಲ್ಲ, ಮಾತೂ ಆಡ್ಸಲ್ಲ."

ಯೋಚಿಸಿ ಹೇಳುತ್ತೇನೆಂದು ಹೋದವರು ವಾರ ಬಿಟ್ಟು ಬಂದರು. ಬಾಗಿಲು ತಟ್ಟಿ, ಕೂತು, "ಬ್ಯಾಡ್ರಿ. ಸಾಹುಕಾರ್ರ ಜೊತೆಗೇ ಹೋಗ್ತೀನಿ," ಎಂದರು.

ನನಗೆ ನೆತ್ತಿಗೇರಿತು. "ಏನ್ ಸರ್, ತಮಾಷೆ ಮಾಡ್ತೀರಾ? ಇಂಥದ್ದು ಹುಡುಕಾಕೆ ನಾನು ಎಷ್ಟು ಒದ್ದಾಡೀನಿ ಗೊತ್ತಾ? ಅವ್ರ ಜೊತೆ ಹೋದ್ರೆ ಅಲ್ಲಿ ಸಿಗೋದು ಒಂದೇ ಗಂಟೆ. ಅದರಾಗೆ ಅರ್ಧ ಗಂಟೆ ಅವ್ರು ಬಾತ್‌ರೂಮ್ ಹುಡುಕ್ತಾರೆ, ಇನ್ನರ್ಧ ಗಂಟೆ ಬೆಲ್ಟಿನ ಅಂಗಡಿ ಕೇಳ್ತಾರೆ. ನಿಮಗೆ ವಯಸ್ಸೆಷ್ಟು ಅಂತ ನೆನಪೈತಾ? ಮುಂದಿನ ವರ್ಷ ಮೊಣಕಾಲು ಬರ್ತೈತೋ ಇಲ್ವೋ! ನಿಮಗೆ ಬೇಕಾಗಿರೋದು ಚಿತ್ರಾನೋ, ಈ ಗದ್ದಲಾನೋ?"

ನಾನು ಕೂಗಾಡುವುದು ಮುಗಿಯುವ ತನಕ ಕಾದರು. ಎಷ್ಟೋ ಹುಡುಗರ ಕೂಗಾಟ ನೋಡಿದವರು.

"ಆ ಮಠದ ಬಗ್ಗೆ ಮತ್ತೊಂದ್ಸಲ ಓದಿದೆ ಕಣ್ರೀ," ಎಂದರು ನಿಧಾನಕ್ಕೆ. "ಕೋಣೆ ಒಬ್ಬೊಬ್ರಿಗೆ ಒಂದು, ಖರೆ. ಆದ್ರೆ ಊಟಕ್ಕೆ ಎಲ್ಲಾರೂ ಒಂದೇ ಪಂಕ್ತೀಲಿ ಕೂರ್ತಿದ್ರಂತೆ. ಬಾಗ್ಲು ತೆಗೆದು ಹೊರಗೆ ಬಂದ್ರೆ ಓಣಿಯಾಗೆ ಇನ್ನೊಬ್ಬ ಸಿಗ್ತಿದ್ದ. ಅದಕ್ಕೇ ಅವ್ರಿಗೆ ಒಳಗೆ ಒಂದೇ ಚಿತ್ರ ಸಾಕಾಗಿತ್ತು. ನಾನು ಇಷ್ಟು ದಿನ ಕೋಣೆ ಒಂದೇ ನೋಡ್ತಿದ್ದೆ." ಫೈಲನ್ನು ಮೇಜಿನ ಅಂಚಿಗೆ ನೆಟ್ಟಗೆ ಇಟ್ಟು, "ಒಬ್ಬನೇ ಅರ್ಧ ದಿನ ನೋಡೋದು ನಂಗೆ ಹೊಸದಲ್ಲ. ಮೂವತ್ತು ವರ್ಷದಿಂದ ಅದನ್ನೇ ಮಾಡೀನಿ. ಆ ಅಕ್ಕ ಐತಲ್ಲ, ಅದು ಆ ಗೋಡೆ ಎದುರಿಗೆ ನಿಂತು ಏನಂತೈತೆ, ಅದನ್ನ ಕೇಳ್ಬೇಕು," ಎಂದರು.

ನಾನು ಆ ಬ್ರೋಷರನ್ನು ಮಡಿಸಿ ಡ್ರಾಯರಿಗೆ ಹಾಕಿದೆ. ಸಿಟ್ಟು ಮಾತ್ರ ಸಂಜೆಯವರೆಗೂ ಇಳಿಯಲಿಲ್ಲ. ಕೈಗೆ ಬಂದದ್ದನ್ನು ಬಿಟ್ಟುಬಿಟ್ಟರಲ್ಲ ಎಂದು ಹೆಂಡತಿಯ ಮುಂದೆಯೂ ಕೂಗಾಡಿದೆ.

ಆ ವರ್ಷವೆಲ್ಲ ಅವರನ್ನು ನಾನು ಕಂಡದ್ದು ನನ್ನ ಆಫೀಸಿನಲ್ಲಿ ಕಡಿಮೆ, ಸಾಹುಕಾರರ ಮನೆಯಲ್ಲಿ ಹೆಚ್ಚು. ಹಬ್ಬ ಬಂದರೆ ಅಕ್ಕನ ಫೋನು ಹೋಗುವುದು. ಅವರು ಬರದಿದ್ದರೆ ಇವರ ಬುತ್ತಿ ಬಸ್ಸಿನಲ್ಲಿ ನ್ಯಾಮತಿಗೆ ಹೋಗುವುದು. ಒಮ್ಮೆ ಹೋದಾಗ ನೋಡುತ್ತೇನೆ, ಇಡೀ ಸಂಸಾರವನ್ನು ಕೂರಿಸಿಕೊಂಡು ಚಿತ್ರ ನೋಡುವ ಪಾಠ ನಡೆದಿದೆ! ಹಾಳೆಯನ್ನು ಗೋಡೆಗೆ ಅಂಟಿಸಿ, "ಮಾತಾಡದೆ ಸುಮ್ನೆ ನೋಡ್ರಿ," ಎನ್ನುತ್ತಿದ್ದರು.

"ನಾವು ದಿನಾ ಬೆಳಿಗ್ಗೆ ಲಿಂಗ ಅಂಗೈಯಾಗೆ ಇಟ್ಕಂಡು ನೋಡಲ್ವಾ, ಹಂಗೇ ತಾನೇ?" ಎಂದರು ಸಾಹುಕಾರರು.

"ಹಂಗೇ," ಎಂದರು ವಾರ್ಡನ್ ಸರ್. "ನಿಮಗೆ ಯಾರೂ ಕಲಿಸೋದು ಬ್ಯಾಡ."

ಅಷ್ಟು ಹೊಗಳಿಕೆಗೆ ಸಾಹುಕಾರರು ಮೀಸೆ ಮೇಲೆ ಕೈ ಆಡಿಸಿದರು. ಅಕ್ಕ ಮಾತ್ರ ಒಂದು ನಿಮಿಷಕ್ಕಿಂತ ಹೆಚ್ಚು ಸುಮ್ಮನೆ ಕೂರಲಾರರು. ಆ ಹೆಣ್ಣುಮಗಳಿಗೆ ಅಂಟಿನುಂಡೆ ಮಾಡಿ ಒಯ್ಯಬೇಕು ಎನ್ನುವರು, ಎಲ್ಲರೂ ಮತ್ತೆ ನಗುವರು. ವಾರ್ಡನ್ ಸರ್ ಈ ಸಲ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ಮತ್ತೆ ಸೀಟು ಕಾಯ್ದಿರಿಸಿದೆವು, ಮತ್ತೆ ವೀಸಾ ಬಂತು. ರೂಮು ಹಂಚುವಾಗ ಸಾಹುಕಾರರು ತಾವೇ ಹೇಳಿದರು: "ವಾರ್ಡನ್ನರನ್ನ ನಮ್ಮ ಚಿಕ್ಕಪ್ಪನ ಜೊತೆಗೆ ಹಾಕು. ಅವನೂ ಒಬ್ಬನೇ, ಹೆಂಡ್ತಿ ಹೋಗಿ ಹತ್ತು ವರ್ಷಾತು. ಗೊರಕೆ ಮಾತ್ರ ಕೇಳಾಕಾಗಲ್ಲ, ಮೊದ್ಲೇ ಹೇಳಿಬಿಡು." ಹೇಳಿದೆ. ವಾರ್ಡನ್ ಸರ್ ಫೋನಿನಲ್ಲಿ ನಕ್ಕರು. ಅದೇ ನಾನು ಕೇಳಿದ ಅವರ ಕೊನೆಯ ನಗು.

ಹೊರಡಲು ವಾರವೂ ಇರಲಿಲ್ಲ. ಅವತ್ತು ಬೇರೆ ಕೆಲಸವಿದ್ದು ಮಧ್ಯಾಹ್ನ ಆಫೀಸಿನ ಶಟರು ಎತ್ತಿ, ಇನ್ನೂ ಕಸ ಗುಡಿಸುತ್ತಿದ್ದೆ, ಸಾಹುಕಾರರು ಬಂದು ಬಾಗಿಲಲ್ಲೇ ನಿಂತರು. ಹೆಗಲ ಮೇಲೆ ಟವೆಲ್ಲು, ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಟೂರು ಬ್ಯಾಡ ತಮ್ಮಾ. ಕ್ಯಾನ್ಸಲ್ ಮಾಡು."

ನನ್ನ ಬಾಯಿ ಗೊತ್ತಲ್ಲ, ಪೊರಕೆ ಹಿಡಿದೇ ಹರಿಹಾಯ್ದೆ. "ಇನ್ನೊಂದ್ಸಲಾನಾ? ಕಂಪನಿಯೋರು ನನ್ನ ಬಾಗ್ಲಿಗೆ ಬರ್ತಾರೆ! ಆ ವಾರ್ಡನ್ ಸರ್ ನಿಮ್ಮನ್ನ ನಂಬ್ಕಂಡು ಒಂದು ವರ್ಷ ಕಾದಾರೆ. ಅವ್ರಿಗೇನು ಹೇಳ್ಲಿ ನಾನು? ಏನಾತು ಈಗ?"

"ಮನೇಲಿ ಸಾವಾಗೈತೆ."

ಕೈಯಲ್ಲಿದ್ದ ಪೊರಕೆ ಕೆಳಗಿಟ್ಟೆ. ಅವರ ಚಿಕ್ಕಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಸೋದರತ್ತೆಗೂ ವಯಸ್ಸಾಗಿತ್ತು. ಯಾರಿರಬಹುದು ಎಂದು ಆ ಮನೆಯ ಹಿರಿಯರನ್ನೆಲ್ಲ ಒಬ್ಬೊಬ್ಬರಾಗಿ ನೆನೆಸಿಕೊಂಡು, "ಯಾರು ಹೋದ್ರು?" ಎಂದೆ.

ಸಾಹುಕಾರರು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ನಮ್ಮ ವಾರ್ಡನ್ನು," ಎಂದರು. "ರಾತ್ರಿ ಮಲಗಿದೋರು ಎದ್ದಿಲ್ಲ. ನ್ಯಾಮತಿಗೆ ಹೋಗಿ ಮನೆಗೆ ಕರ್ಕಂಡು ಬಂದೀವಿ. ಎಲ್ಲಾರೂ ಬಂದಾರೆ, ನೀನೊಬ್ಬನೇ ಬಾಕಿ. ಶಟರು ಇಳಿಸು, ನಡಿ."